ಹಳೆಯ ಪೈಥಾನ್ ಪ್ಯಾಕೇಜೊಂದಕ್ಕೆ ವೀಲ್ ಕಟ್ಟಿದ ನಾಲ್ಕು ತಿಂಗಳು

ಜೂನ್ ಎರಡನೆಯ ವಾರ ಧಾರವಾಡದಿಂದ ಒಂದು ಇಮೇಲ್ ಬಂದಿತು. ಬರೆದವರು ಸಣ್ಣ ಮುದ್ರಣಾಲಯವೊಂದರಲ್ಲಿ ಡಿಟಿಪಿ ಕೆಲಸ ಮಾಡುವ ಹೆಣ್ಣುಮಗಳು. ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಸಾವಿರಾರು ಪುಟಗಳು ಅವರ ಬಳಿ ಇವೆ. ಆ ಫಾಂಟುಗಳು ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿಕೊಂಡಿದ್ದವು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಇಂಥ ಪಠ್ಯವನ್ನು ಯುನಿಕೋಡ್‌ಗೆ ತರುವ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪ್ಯಾಕೇಜೊಂದನ್ನು ನನಗೆ ಪಾಠ ಹೇಳಿದ ಮೇಷ್ಟರು 2012ರಲ್ಲಿ ಬರೆದಿದ್ದರು. 2018ರಿಂದ ಅದರ ತಪ್ಪುಗಳನ್ನು ತಿದ್ದುತ್ತ ಬಂದವಳು ನಾನು.

"ಮೇಡಂ, ಹೊಸ ಕಂಪ್ಯೂಟರಿಗೆ ನಿಮ್ಮ ಪ್ಯಾಕೇಜನ್ನು ಹಾಕಿಕೊಳ್ಳಲು ಮೂರು ದಿನದಿಂದ ಪ್ರಯತ್ನಿಸುತ್ತಿದ್ದೇನೆ. ಪ್ರತಿ ಸಲವೂ ಬೇರೆಯೇ ತಪ್ಪು ತೋರಿಸುತ್ತಿದೆ" ಎಂದು ಬರೆದು, ಪರದೆಯ ಮೂರು ಚಿತ್ರಗಳನ್ನು ಅವರು ಲಗತ್ತಿಸಿದ್ದರು. ಆ ಮೂರು ಚಿತ್ರಗಳಿಗೆ ಸರಿಯಾದ ಉತ್ತರವಾಗಿ ವೀಲ್, ಎಂದರೆ ನೇರವಾಗಿ ಹಾಕಿಕೊಳ್ಳಬಹುದಾದ ಸಿದ್ಧ ಕಟ್ಟು, ಕೊಡಲು ನನಗೆ ಅಕ್ಟೋಬರ್ ತನಕ ಸಮಯ ಹಿಡಿಯಿತು. ಹಳೆಯ ಪ್ಯಾಕೇಜನ್ನು ಇಟ್ಟುಕೊಂಡು ಎಲ್ಲಿಂದ ತೊಡಗಬೇಕೆಂದು ತಿಳಿಯದೆ ಕುಳಿತವರು ಇನ್ನೂ ಇದ್ದಾರೆ. ನಾನು ದಿನಗಟ್ಟಲೆ ಕಳೆದ ಕಡೆ ಅವರು ಗಂಟೆಯೊಳಗೆ ದಾಟಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಚಿತ್ರದಲ್ಲಿ, ಪೈಥಾನ್ ಪ್ಯಾಕೇಜುಗಳನ್ನು ಇಳಿಸಿ ಹಾಕಿಕೊಡುವ ಪಿಪ್ ಎಂಬ ಸಾಧನ ನಮ್ಮ ಪ್ಯಾಕೇಜಿನ 1.3 ಆವೃತ್ತಿಯನ್ನು ಇಳಿಸಿಕೊಂಡು, ಅದರೊಳಗಿನ ಪ್ರಿಂಟ್ ಸಾಲಿಗೆ ಆವರಣ ಚಿಹ್ನೆ ಇಲ್ಲವೆಂದು ನಿಂತುಬಿಟ್ಟಿತ್ತು. 1.3 ಎಂದರೆ ಪೈಥಾನ್ 2ರ ಕಾಲದ್ದು. ಪೈಥಾನ್ 3ಕ್ಕೆ ಒಗ್ಗಿಸಿದ ಆವೃತ್ತಿಯನ್ನು ಮೇಷ್ಟರು 2016ರಲ್ಲೇ, ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಉಗ್ರಾಣವಾದ ಪೈಪಿಐಗೆ ಏರಿಸಿದ್ದರು. ಹಾಗಾದರೆ ಪಿಪ್ ಹಿಂದಕ್ಕೆ ಹೋದದ್ದೇಕೆ? ಒಂದು ಸಂಜೆಯೆಲ್ಲ ಹುಡುಕಿದ ಮೇಲೆ ತಿಳಿಯಿತು. ಆ ಆವೃತ್ತಿಗೆ ಅವರು ಕೊಟ್ಟ ಹೆಸರು 1.4-ಫೈನಲ್. ಆವೃತ್ತಿಯ ಸಂಖ್ಯೆಯನ್ನು ಹೇಗೆ ಬರೆಯಬೇಕೆಂದು ಪೆಪ್ 440 ಎಂಬ ದಸ್ತಾವೇಜು ನಿಗದಿ ಮಾಡಿದೆ. ಆಲ್ಫಾ, ಬೀಟಾ, ಆರ್‌ಸಿ, ಪೋಸ್ಟ್, ಡೆವ್ ಇವಕ್ಕೆ ಅಲ್ಲಿ ಜಾಗವಿದೆ, ಫೈನಲ್‌ಗೆ ಇಲ್ಲ. ಪಿಪ್ ಬಹಳ ಕಾಲ ಇಂಥ ಹೆಸರುಗಳನ್ನು ಸಹಿಸಿಕೊಂಡಿತ್ತು. 2024ರ ಜೂನ್‌ನಲ್ಲಿ ಬಂದ 24.1ರಿಂದ ಸಹಿಸುವುದನ್ನು ನಿಲ್ಲಿಸಿತು. ಅಂದಿನಿಂದ ನಮ್ಮ ಕೊನೆಯ ಬಿಡುಗಡೆ ಅದರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹಳೆಯ ಪ್ಯಾಕೇಜಿದ್ದವರು ಮೊದಲು ಇದನ್ನು ನೋಡಿ: ಈಗಿನ ಪಿಪ್‌ನಿಂದ ಹೊಸ ಕಂಪ್ಯೂಟರಿಗೆ ನಿಮ್ಮ ಯಾವ ಆವೃತ್ತಿ ಇಳಿಯುತ್ತಿದೆ?

ಎರಡನೆಯ ಚಿತ್ರ ನಮ್ಮ ಸೂಚನೆಯನ್ನು ನಂಬಿ ಕೆಟ್ಟದ್ದು. ಮೂಲ ಸಂಕೇತವನ್ನು, ಎಂದರೆ ಸೋರ್ಸ್ ಕೋಡನ್ನು, ಇಳಿಸಿಕೊಂಡು ಪ್ಯಾಕೇಜು ಕಟ್ಟಿ ಹಾಕುವ ಅದರೊಳಗಿನ ಸೆಟಪ್ ಡಾಟ್ ಪೈ ಕಡತವನ್ನು ನೇರವಾಗಿ ಓಡಿಸಿ ಎಂದು ನಾವೇ ಬರೆದಿದ್ದೆವು. ಅದರ ಮೊದಲ ಸಾಲೇ ಡಿಸ್ಟ್‌ಯುಟಿಲ್ಸನ್ನು ಕರೆಯುತ್ತದೆ. 2000ದಿಂದ ಪೈಥಾನ್ ಜೊತೆಗೇ ಬರುತ್ತಿದ್ದ, ಪ್ಯಾಕೇಜು ಕಟ್ಟುವ ಆ ಸಾಧನವನ್ನು 2023ರ ಅಕ್ಟೋಬರಿನ 3.12ರಲ್ಲಿ ಕಿತ್ತುಹಾಕಲಾಗಿದೆ. ಅವರ ಕಂಪ್ಯೂಟರಿನಲ್ಲಿದ್ದದ್ದು 3.13.

ಮೂರನೆಯ ಚಿತ್ರವನ್ನು ನಾನು ಮರೆಯಲಾರೆ. ಯಾರೋ ಹೇಳಿದರೆಂದು ಅವರು ಇಳಿಸಿಕೊಂಡ ಫೋಲ್ಡರನ್ನೇ ಪಿಪ್‌ಗೆ ಕೊಟ್ಟಿದ್ದರು. ಈ ಸಲ ಬಂದದ್ದು ಅಕ್ಷರಗಳನ್ನು ಓದಲಾಗಲಿಲ್ಲ ಎಂಬ ತಪ್ಪು: 8ಡಿ ಎಂಬ ಬೈಟ್ ಏನೆಂದು ತಿಳಿಯುತ್ತಿಲ್ಲ. ನಮ್ಮ ಸೆಟಪ್ ಕಡತವು ಪರಿಚಯದ ಬರಹವನ್ನು ತೆರೆದು ಓದುತ್ತದೆ, ಆ ಬರಹ ಕನ್ನಡದಲ್ಲಿದೆ. ಲಿನಕ್ಸ್‌ನಲ್ಲಿ ಪೈಥಾನ್ ಅದನ್ನು ಯುಟಿಎಫ್-8 ಎಂದೇ, ಎಂದರೆ ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮದಲ್ಲೇ, ಓದುತ್ತದೆ. ಮೇಷ್ಟರೂ ನಾನೂ ಲಿನಕ್ಸ್‌ನಲ್ಲೇ ಕೆಲಸ ಮಾಡುವವರಾದ್ದರಿಂದ ನಮಗೆ ಈ ತೊಂದರೆ ಎದುರಾಗಿರಲೇ ಇಲ್ಲ. ಭಾರತದ ಇಂಗ್ಲಿಷ್ ಸೆಟ್ಟಿಂಗ್ ಇರುವ ವಿಂಡೋಸ್‌ನಲ್ಲಿ ಮಾತ್ರ ಹೇಳದೇ ಬಿಟ್ಟರೆ 1252 ಎಂಬ ಪಶ್ಚಿಮ ಯುರೋಪಿನ ಅಕ್ಷರಪಟ್ಟಿಯಲ್ಲಿ ಓದುತ್ತದೆ. ಆ ಪಟ್ಟಿಯಲ್ಲಿ 8ಡಿ ಎಂಬ ಮನೆ ಖಾಲಿ. ನಮ್ಮ ವಿರಾಮ ಚಿಹ್ನೆ, ಎಂದರೆ ಒತ್ತಕ್ಷರ ಕೂಡಿಸುವ ಆ ಸಣ್ಣ ಕೊಂಡಿ, ಯುಟಿಎಫ್-8ರಲ್ಲಿ ಇ0 ಬಿ3 8ಡಿ ಎಂಬ ಮೂರು ಬೈಟುಗಳಾಗುತ್ತದೆ. ಒತ್ತಕ್ಷರ ಬಂದಲ್ಲೆಲ್ಲ ಪ್ಯಾಕೇಜು ಮುಗ್ಗರಿಸುತ್ತದೆ. ಕಡತದ ಮೊದಲ ಪದವೇ 'ಕನ್ನಡ'. ನಡುವಿನ ನಕಾರದ ಒತ್ತಿನಲ್ಲೇ ಅದು ಬಿದ್ದಿತ್ತು. ಕನ್ನಡವನ್ನು ಉಳಿಸಿಕೊಳ್ಳಲು ಬರೆದ ಸಾಧನ ಕನ್ನಡ ಎಂಬ ಹೆಸರನ್ನೇ ದಾಟಲಾಗದೆ ನಿಂತದ್ದನ್ನು ಕಂಡು ನನಗೆ ಬಹಳ ಸಂಕಟವಾಯಿತು. ತೇಪೆ ಹಚ್ಚುವುದು ಬೇಡ, ಎಲ್ಲವನ್ನೂ ಈಗಿನ ಪ್ರಮಾಣಕ್ಕೆ ತಂದುಬಿಡೋಣ ಎಂದು ಅಂದೇ ತೀರ್ಮಾನಿಸಿದೆ.

ಆಮೇಲಿನ ಎರಡು ವಾರ ಓದಿನಲ್ಲೇ ಹೋಯಿತು. ಪೈಥಾನ್‌ನ ಪ್ರಮಾಣಗಳೆಲ್ಲ ಪೆಪ್ ಎಂಬ ಸಂಖ್ಯೆಯಿಟ್ಟ ದಸ್ತಾವೇಜುಗಳಲ್ಲಿ ಹರಡಿಕೊಂಡಿವೆ. ಯಾವುದನ್ನು ಮೊದಲು ಓದಬೇಕೆಂದು ಹೇಳುವವರು ಯಾರೂ ಇರಲಿಲ್ಲ. ನನ್ನಂಥವರಿಗೆ ಬೇಕಾದದ್ದು ಇಷ್ಟೇ ಎಂದು ಈಗ ಅನ್ನಿಸುತ್ತದೆ. ವಿತರಣೆಗೆ ಎರಡು ರೂಪಗಳಿವೆ. ಒಂದು ಎಸ್‌ಡಿಸ್ಟ್, ಎಂದರೆ ಮೂಲ ಸಂಕೇತದ ಕಟ್ಟು. ಇನ್ನೊಂದು ವೀಲ್, ಎಂದರೆ ಕಟ್ಟಿ ಮುಗಿಸಿದ, ಬಿಚ್ಚಿ ಜೋಡಿಸಿದರೆ ಸಾಕೆನ್ನುವ ಕಟ್ಟು. ಎಸ್‌ಡಿಸ್ಟನ್ನು ಹಾಕಿಕೊಳ್ಳುವಾಗ ಬರೆದವರ ಸಂಕೇತ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆ, ಸಿ ಭಾಷೆಯ ಭಾಗವಿದ್ದರೆ ಅದನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಬೇಕಾಗುತ್ತದೆ. ವೀಲ್‌ಗೆ ಅವೆರಡೂ ಬೇಡ. ಅದಕ್ಕೂ ಮೊದಲು ಎಗ್ ಎಂಬ ರೂಪವಿತ್ತು. ಸೆಟಪ್‌ಟೂಲ್ಸ್ ಜೊತೆ ಬಂದ ಅದಕ್ಕೆ ಎಲ್ಲರೂ ಒಪ್ಪಿದ ಪ್ರಮಾಣ ಇರಲೇ ಇಲ್ಲ. ಡೇನಿಯಲ್ ಹೋಲ್ತ್ ಅವರು ಬರೆದ ಪೆಪ್ 427 ಒಪ್ಪಿಗೆ ಪಡೆದು ವೀಲ್ ಬಂದದ್ದು 2013ರಲ್ಲಿ. ಮೇಷ್ಟರು 2012ರಲ್ಲಿ ಏರಿಸಿದ್ದು ಒಂದು ಟಾರ್ ಕಟ್ಟು, ಎಂದರೆ ಎಸ್‌ಡಿಸ್ಟ್, ಮತ್ತು ಒಂದು ಎಗ್. ಆಗ ವೀಲ್ ಇನ್ನೂ ಬಂದಿರಲಿಲ್ಲ. ಎಗ್ ಏರಿಸುವುದನ್ನು ಪೈಪಿಐ 2023ರಲ್ಲಿ ನಿಲ್ಲಿಸಿತು.

ಇನ್ನುಳಿದದ್ದು ಪೈಪ್ರಾಜೆಕ್ಟ್ ಡಾಟ್ ಟಾಮ್ಲ್ ಎಂಬ ಒಂದೇ ಕಡತ. ಕಟ್ಟಲು ಏನೇನು ಬೇಕೆಂದು ಅದರಲ್ಲಿ ಬರೆಯುವ ಕ್ರಮ ಪೆಪ್ 518ರಿಂದ ಬಂದಿತು, ಕಟ್ಟುವ ಸಾಧನ ಯಾವುದಾದರೂ ಆಗಬಹುದೆಂದದ್ದು 517, ಹೆಸರು, ಆವೃತ್ತಿ, ಅವಲಂಬನೆಗಳನ್ನು ಎಲ್ಲ ಸಾಧನಗಳಿಗೂ ಅರ್ಥವಾಗುವ ಒಂದೇ ಬಗೆಯಲ್ಲಿ ಬರೆಯಬೇಕೆಂದದ್ದು 621. ಟಾಮ್ಲ್ ಕಡತ ಯುಟಿಎಫ್-8ರಲ್ಲೇ ಇರಬೇಕೆಂಬುದು ಆ ರೂಪದ ನಿಯಮ. ಪರಿಚಯದ ಬರಹ ಯಾವ ಕಡತದಲ್ಲಿದೆ ಎಂದು ಹೆಸರಿಸಿದರೆ ಸಾಕು, ಅದನ್ನೂ ಯುಟಿಎಫ್-8 ಎಂದೇ ಓದಲಾಗುತ್ತದೆ. ಹದಿನೈದು ನಿಮಿಷದಲ್ಲಿ ಆ ಕಡತವನ್ನು ಬರೆದೆ. ಗೆಳತಿಯೊಬ್ಬಳ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದರೆ 8ಡಿ ತಪ್ಪು ಮಾಯವಾಗಿತ್ತು. ಅದರ ಬೆನ್ನಿಗೇ ಅಡಗಿದ್ದ ನಾಲ್ಕನೆಯ ತಪ್ಪು ಎದುರಿಗೆ ಬಂದಿತು: ಮೈಕ್ರೋಸಾಫ್ಟ್‌ನ ಸಿ ಕಂಪೈಲರ್ ಬೇಕು. ನಮ್ಮ ಪ್ಯಾಕೇಜಿನಲ್ಲಿ ಸಿ ಭಾಷೆಯ ಭಾಗವೂ ಇದೆ. ಡಿಟಿಪಿ ಕೆಲಸದವರಿಗೆ ಹಲವು ಜಿಬಿ ತೂಗುವ ಕಂಪೈಲರನ್ನು ಹಾಕಿಕೊಳ್ಳಿ ಎನ್ನುವುದು ನ್ಯಾಯವಲ್ಲ. ವೀಲ್ ಕಟ್ಟಲೇಬೇಕಿತ್ತು.

ಇಷ್ಟೆಲ್ಲ ಮಾಡಿ ಏರಿಸಹೊರಟಾಗ ಗೊತ್ತಾಯಿತು, ಏರಿಸುವ ಹಕ್ಕೇ ನನಗಿಲ್ಲ. ಸಂಕೇತದ ಭಂಡಾರ ನನ್ನ ಕೈಯಲ್ಲಿದ್ದರೂ ಪೈಪಿಐಯಲ್ಲಿ ಒಡೆಯರೆಂದು ಇದ್ದವರು ಮೇಷ್ಟರೊಬ್ಬರೇ. ಇದನ್ನು ನಾನು ಮೊದಲ ದಿನವೇ ನೋಡಬೇಕಿತ್ತು. ನೀವು ತಪ್ಪದೆ ಮೊದಲ ದಿನವೇ ನೋಡಿ.

ಮೈಸೂರಿಗೆ ಹೋದೆ. ಮೇಷ್ಟರು ನಿವೃತ್ತರಾಗಿ ಆರು ವರ್ಷವಾಗಿದೆ. ಗುಪ್ತಪದ ನೆನಪಿರಲಿಲ್ಲ. ಅದನ್ನು ಬದಲಿಸುವ ಕೊಂಡಿ ಹೋಗುವುದು ನೋಂದಾಯಿಸಿದ ಇಮೇಲ್‌ಗೆ, ಆ ಇಮೇಲ್ ಕಾಲೇಜಿನದು, ನಿವೃತ್ತಿಯ ಮರುತಿಂಗಳೇ ಅದು ಮುಚ್ಚಿಹೋಗಿತ್ತು. ಮೇಷ್ಟರ ಮುಖ ಬಾಡಿತು. "ನೋಡಮ್ಮ, ನಾನು ಆಗಲೇ ನಿನ್ನ ಹೆಸರನ್ನೂ ಸೇರಿಸಿಬಿಡಬೇಕಿತ್ತು. ಅದೊಂದು ಯೋಚನೆ ಬರಲೇ ಇಲ್ಲ" ಎಂದರು. ಅವರನ್ನು ಆ ಸ್ಥಿತಿಯಲ್ಲಿ ನೋಡುವುದು ನನಗೆ ಕಷ್ಟವಾಯಿತು. ನೂರಾರು ಜನರಿಗೆ ಬಿಟ್ಟಿಯಾಗಿ ಕೊಟ್ಟ ಕೆಲಸ ಅದು. ಅದಕ್ಕಾಗಿ ಅವರು ನೊಂದುಕೊಳ್ಳಬಾರದಾಗಿತ್ತು.

ಆ ಅಂಚೆಪೆಟ್ಟಿಗೆಯನ್ನು ಒಂದು ವಾರದ ಮಟ್ಟಿಗೆ ತೆರೆದುಕೊಡಿ ಎಂದು ಕಾಲೇಜಿಗೆ ಅರ್ಜಿ ಬರೆದೆವು. ನಿವೃತ್ತಿ ಆದೇಶದ ಪ್ರತಿ, ಹಳೆಯ ಗುರುತಿನ ಚೀಟಿಯ ಪ್ರತಿ, ಆಧಾರ್ ಪ್ರತಿ, ಯಾವ ಕಾರಣಕ್ಕೆ ಬೇಕೆಂಬ ವಿವರಣೆ ಇಷ್ಟನ್ನು ಲಗತ್ತಿಸಿದೆವು. ವಿವರಣೆ ಅರ್ಧ ಪುಟವಿದ್ದದ್ದು ಸಾಲದೆಂದು ಅರ್ಜಿ ಒಮ್ಮೆ ಹಿಂದಕ್ಕೆ ಬಂದಿತು. ಪೈಪಿಐ ಎಂದರೇನು, ಅದಕ್ಕೂ ಕಾಲೇಜಿನ ಇಮೇಲ್‌ಗೂ ಏನು ನಂಟು ಎಂಬುದನ್ನು ಕಂಪ್ಯೂಟರ್ ತಿಳಿಯದವರಿಗೂ ಅರ್ಥವಾಗುವಂತೆ ಎರಡು ಪುಟ ಕನ್ನಡದಲ್ಲಿ ಬರೆದು ಕೊಟ್ಟೆ. ಇಪ್ಪತ್ತಮೂರು ದಿನ ಕಾದೆವು. ನಡುವೆ ಮೇಷ್ಟರೇ ಎರಡು ಸಲ ಹೋಗಿ ವಿಚಾರಿಸಿದರು.

ಒಡೆಯರು ಸಿಕ್ಕುವುದೇ ಇಲ್ಲವೆನ್ನುವವರಿಗೆ ಪೆಪ್ 541 ಇದೆ. ಕೈಬಿಟ್ಟ ಪ್ಯಾಕೇಜಿನ ಹೆಸರನ್ನು ಮುಂದುವರಿಸುವವರಿಗೆ ಹೇಗೆ ಕೊಡಬಹುದು ಎಂಬ ನಿಯಮ ಅದು. ಒಡೆಯರನ್ನು ಕನಿಷ್ಠ ಮೂರು ಸಲ ಸಂಪರ್ಕಿಸಲು ಯತ್ನಿಸುತ್ತಾರೆ, ಆರು ವಾರದ ಬಳಿಕ ಆ ಯತ್ನ ನಿಲ್ಲುತ್ತದೆ, ಹನ್ನೆರಡು ತಿಂಗಳಲ್ಲಿ ಯಾವ ಬಿಡುಗಡೆಯೂ ಆಗಿರಬಾರದು. ನೀವೇ ಯತ್ನಿಸಿದ್ದಕ್ಕೆ, ನೀವೇ ಪ್ಯಾಕೇಜನ್ನು ತಿದ್ದಿ ಬೆಳೆಸಿದ್ದಕ್ಕೆ ದಾಖಲೆಗಳನ್ನು ಜೋಡಿಸಿಟ್ಟುಕೊಳ್ಳಿ. ನಮಗೆ ಅದರ ಅಗತ್ಯ ಬೀಳಲಿಲ್ಲ.

ಅಂಚೆಪೆಟ್ಟಿಗೆ ತೆರೆದ ದಿನವೇ ಮತ್ತೆ ಮೈಸೂರಿಗೆ ಹೋದೆ. ಗುಪ್ತಪದ ಬದಲಿಸಿ, ಮೊದಲು ಮೇಷ್ಟರ ಸ್ವಂತ ಇಮೇಲ್ ಸೇರಿಸಿ ಅದನ್ನೇ ಮುಖ್ಯವಾಗಿಸಿದೆವು. 2024ರ ಆರಂಭದಿಂದ ಪೈಪಿಐಯಲ್ಲಿ ಎರಡು ಹಂತದ ದೃಢೀಕರಣ ಎಲ್ಲರಿಗೂ ಕಡ್ಡಾಯ. ಅದಿಲ್ಲದೆ ಏನನ್ನೂ ಬದಲಿಸಲಾಗದು. ಅದಕ್ಕೂ ಮೊದಲು ಮರುಪ್ರವೇಶದ ಸಂಕೇತಗಳನ್ನು ಪಡೆದುಕೊಳ್ಳಬೇಕು. ಅವನ್ನು ಮುದ್ರಿಸಿ ಮೇಷ್ಟರು ಮನೆಪತ್ರಗಳ ಜೊತೆ ಬೀರುವಿನಲ್ಲಿಟ್ಟರು. ಆಮೇಲೆ ನನ್ನನ್ನು ಸೇರಿಸಿದರು. ಪೈಪಿಐಯಲ್ಲಿ ಒಡೆಯ ಮತ್ತು ನಿರ್ವಾಹಕ ಎಂಬ ಎರಡು ಸ್ಥಾನಗಳಿವೆ. ನಿರ್ವಾಹಕರು ಬಿಡುಗಡೆ ಏರಿಸಬಹುದು, ಬೇರೆಯವರನ್ನು ಸೇರಿಸಲಾರರು. ಪ್ರತಿ ಪ್ಯಾಕೇಜಿಗೂ ಒಡೆಯರು ಇಬ್ಬರಾದರೂ ಇರಲಿ.

ಅಂದೇ ಇನ್ನೊಂದು ತೊಡಕನ್ನೂ ಬಗೆಹರಿಸಿಕೊಂಡೆವು. ಪ್ಯಾಕೇಜನ್ನು ಯಾವ ಶರತ್ತಿನ ಮೇಲೆ ಬಳಸಬಹುದೆನ್ನುವ ಪರವಾನಗಿಯ ಕಡತ ಜಿಪಿಎಲ್ ಎನ್ನುತ್ತಿತ್ತು, ಸೆಟಪ್ ಕಡತದಲ್ಲಿ ಬಿಎಸ್‌ಡಿ ಎಂದಿತ್ತು. ಪೆಪ್ 639ರ ಪ್ರಕಾರ ಈಗ ಪರವಾನಗಿಯನ್ನು ಎಸ್‌ಪಿಡಿಎಕ್ಸ್ ಪಟ್ಟಿಯ ಖಚಿತ ಹೆಸರಿನಲ್ಲಿ ಬರೆಯಬೇಕು. ಎರಡು ಕಡೆ ಎರಡು ಬಗೆ ಇರುವಂತಿಲ್ಲ. ಮೇಷ್ಟರು ಜಿಪಿಎಲ್ ಎಂದು ಬರೆದುಕೊಟ್ಟರು. ಹಿಂದೆ ಸಂಕೇತ ಬರೆದಿದ್ದ ಇಬ್ಬರು ಹಳೆಯ ವಿದ್ಯಾರ್ಥಿಗಳ ಒಪ್ಪಿಗೆಯನ್ನೂ ಇಮೇಲ್‌ನಲ್ಲಿ ತರಿಸಿಕೊಂಡೆ.

ಹೆಸರಿನ ವಿಷಯ ಸಣ್ಣದಾದರೂ ಹೇಳಿಬಿಡುತ್ತೇನೆ. ನಮ್ಮ ಪ್ಯಾಕೇಜಿನ ಹೆಸರಿನಲ್ಲಿ ಅಡ್ಡಗೆರೆ ಇದೆ. ಹಾಕಿಕೊಳ್ಳುವವರು ಅಡ್ಡಗೆರೆ, ಅಡಿಗೆರೆ, ಚುಕ್ಕೆ ಯಾವುದನ್ನು ಬರೆದರೂ ಪೆಪ್ 503ರಂತೆ ಒಂದೇ ಎಂದು ಎಣಿಕೆಯಾಗುತ್ತದೆ. ಕಟ್ಟಿನ ಕಡತದ ಹೆಸರಿನಲ್ಲಿ ಮಾತ್ರ ಅಡಿಗೆರೆಯೇ ಬರಬೇಕು, ಏಕೆಂದರೆ ಅಲ್ಲಿ ಅಡ್ಡಗೆರೆಯು ಹೆಸರನ್ನೂ ಆವೃತ್ತಿಯನ್ನೂ ಬೇರ್ಪಡಿಸುವ ಗುರುತು. ಎಸ್‌ಡಿಸ್ಟ್‌ಗೂ ಇದನ್ನು ಪೆಪ್ 625 ಕಡ್ಡಾಯ ಮಾಡಿದೆ. ಹೊಸ ಸಾಧನಗಳು ತಾವಾಗಿಯೇ ಸರಿಯಾಗಿ ಹೆಸರಿಡುತ್ತವೆ. ಕೈಯಿಂದ ಬದಲಿಸಲು ಹೋಗಬೇಡಿ.

ವೀಲ್ ಕಟ್ಟುವುದರಲ್ಲಿ ಆಗಸ್ಟ್ ಪೂರ್ತಿ ಕಳೆಯಿತು. ನನ್ನ ಉಬುಂಟು ಕಂಪ್ಯೂಟರಿನಲ್ಲಿ ಕಟ್ಟಿದ ವೀಲನ್ನು ಏರಿಸಿದರೆ ಪೈಪಿಐ ತಿರಸ್ಕರಿಸಿತು. ಹೆಸರಿನ ಕೊನೆಯಲ್ಲಿ ಬರಿಯ ಲಿನಕ್ಸ್ ಎಂದಿದ್ದರೆ ಅದು ತೆಗೆದುಕೊಳ್ಳುವುದಿಲ್ಲ. ಕಾರಣ ಸರಿಯಾಗಿಯೇ ಇದೆ. ಹೊಸ ಲಿನಕ್ಸ್‌ನಲ್ಲಿ ಕಟ್ಟಿದ್ದು ಅದರ ಗ್ಲಿಬ್‌ಸಿ ಎಂಬ ಮೂಲ ಗ್ರಂಥಾಲಯಕ್ಕೆ ಹೊಂದಿಕೊಂಡಿರುತ್ತದೆ, ಹಳೆಯ ಲಿನಕ್ಸ್‌ನಲ್ಲಿ ಓಡದೆ ಹೋಗಬಹುದು. ಇದಕ್ಕಾಗಿಯೇ, ಹಲವು ಲಿನಕ್ಸ್‌ಗಳಲ್ಲಿ ಓಡುವಂತೆ ಹಳೆಯದೊಂದರ ಮೇಲೆ ಕಟ್ಟುವ ಮೆನಿಲಿನಕ್ಸ್ ಎಂಬ ಒಪ್ಪಂದವಿದೆ. 2016ರ ಮೊದಲ ಆವೃತ್ತಿ ಸೆಂಟ್‌ಓಎಸ್ 5ನ್ನು ಆಧರಿಸಿತ್ತು. ನಾನು ಆರಿಸಿಕೊಂಡ ಮೆನಿಲಿನಕ್ಸ್2014 ಸೆಂಟ್‌ಓಎಸ್ 7ರ ಗ್ಲಿಬ್‌ಸಿ 2.17ಕ್ಕೆ ಕಟ್ಟುತ್ತದೆ. ಆ ಹಳೆಯ ವ್ಯವಸ್ಥೆಯನ್ನು ತುಂಬಿಟ್ಟ ಸಿದ್ಧ ಕಂಟೇನರ್ ಇದೆ. ಅದರೊಳಗೆ ಕಟ್ಟಿ ಆಡಿಟ್‌ವೀಲ್ ಎಂಬ ಸಾಧನದಿಂದ ಪರೀಕ್ಷಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಇದನ್ನೆಲ್ಲ ಸಿಐಬಿಲ್ಡ್‌ವೀಲ್ ಒಂದೇ ಆಜ್ಞೆಯಲ್ಲಿ ಮಾಡಿಕೊಡುತ್ತದೆ. ನಾನು ಮೂರು ದಿನ ಕೈಯಿಂದ ಹೆಣಗಿದ ಮೇಲೆ ಅದರ ಹೆಸರು ಕೇಳಿದೆ. ನೀವು ನೇರವಾಗಿ ಅಲ್ಲಿಂದಲೇ ತೊಡಗಿ.

ಲೆಕ್ಕ ಹಾಕಿದರೆ ವಿಂಡೋಸ್, ಎರಡು ಬಗೆಯ ಲಿನಕ್ಸ್, ಎರಡು ಬಗೆಯ ಮ್ಯಾಕ್ ಸೇರಿ ಐದು ವೇದಿಕೆಗಳು, ಪೈಥಾನ್ 3.10ರಿಂದ 3.13ರ ತನಕ ನಾಲ್ಕು ಆವೃತ್ತಿಗಳು. ಒಟ್ಟು ಇಪ್ಪತ್ತು ವೀಲ್‌ಗಳು. ಪ್ರತಿ ವರ್ಷ ಅಕ್ಟೋಬರಿನಲ್ಲಿ ಹೊಸ ಪೈಥಾನ್ ಬಂದಾಗ ಇನ್ನೂ ಐದು. ನಾನಿಲ್ಲದ ವರ್ಷ ಇದನ್ನು ಯಾರು ಮಾಡುತ್ತಾರೆ? ಈ ಪ್ರಶ್ನೆ ನನ್ನನ್ನು ಕಾಡಿತು. ಉತ್ತರ ಪೆಪ್ 384ರಲ್ಲಿತ್ತು. ಸಿ ಸಂಕೇತವು ಪೈಥಾನ್‌ನ ಸ್ಥಿರ ಕರೆಗಳನ್ನಷ್ಟೇ ಬಳಸಿದರೆ ಒಮ್ಮೆ ಕಟ್ಟಿದ ವೀಲ್ ಮುಂದಿನ ಆವೃತ್ತಿಗಳಲ್ಲೂ ನಡೆಯುತ್ತದೆ. ನಮ್ಮ ಸಿ ಭಾಗ ಆರುನೂರು ಸಾಲು. ಹನ್ನೊಂದು ಕಡೆ ಬದಲಿಸಬೇಕಾಯಿತು. ಈಗ ವೀಲ್‌ಗಳು ಐದೇ, ಪ್ರತಿಯೊಂದರ ಹೆಸರಿನಲ್ಲೂ ಸಿಪಿ310-ಎಬಿಐ3, ಎಂದರೆ ಪೈಥಾನ್ 3.10 ಮತ್ತು ನಂತರದವಕ್ಕೆ, ಎಂಬ ಗುರುತಿದೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ನೆಮ್ಮದಿ ಕೊಟ್ಟದ್ದು ಇದು.

ಸೆಪ್ಟೆಂಬರ್ ಕೊನೆಯಲ್ಲಿ 2.0.0 ಏರಿಸಿದೆ. ಒಂದೇ ಗಂಟೆಯಲ್ಲಿ ದೂರು ಬಂದಿತು: ಅಕ್ಷರ ಹೊಂದಾಣಿಕೆಯ ಕೋಷ್ಟಕ ಸಿಗುತ್ತಿಲ್ಲ. ಪರಿವರ್ತನೆಗೆ ಆ ಕೋಷ್ಟಕವೇ ಜೀವ, ಅದೇ ವೀಲ್‌ನೊಳಗೆ ಸೇರಿರಲಿಲ್ಲ. ಪರೀಕ್ಷೆಗೆಂದೇ ಇರುವ ಟೆಸ್ಟ್‌ಪೈಪಿಐಗೆ ಮೊದಲು ಏರಿಸಿ, ಅಲ್ಲಿಂದ ಇಳಿಸಿ ನೋಡಿದ್ದೆ. ಆದರೆ ಅದನ್ನು ಓಡಿಸಿದ್ದು ನನ್ನ ಸಂಕೇತದ ಫೋಲ್ಡರಿನೊಳಗೆ ನಿಂತುಕೊಂಡು. ಪೈಥಾನ್ ವೀಲನ್ನು ಬಿಟ್ಟು ಎದುರಿಗಿದ್ದ ಫೋಲ್ಡರನ್ನೇ ಓದಿತ್ತು, ಅದರಲ್ಲಿ ಕೋಷ್ಟಕ ಇತ್ತು. ಒಮ್ಮೆ ಏರಿಸಿದ ಕಡತದ ಹೆಸರನ್ನು ಪೈಪಿಐಯಲ್ಲಿ ಮತ್ತೆ ಬಳಸಲಾಗದು, ಅಳಿಸಿದರೂ ಆಗದು. 2.0.0ನ್ನು ಯಾಂಕ್ ಮಾಡಿದೆ. ಹಾಗೆಂದರೆ ಕಡತ ಅಲ್ಲೇ ಇರುತ್ತದೆ, ಆದರೆ ಅದೇ ಸಂಖ್ಯೆಯನ್ನು ಖಚಿತವಾಗಿ ಕೇಳಿದವರಿಗೆ ಹೊರತು ಬೇರೆಯವರಿಗೆ ಪಿಪ್ ಅದನ್ನು ಕೊಡುವುದಿಲ್ಲ. ಆ ರಾತ್ರಿಯೇ ಸಂಕೇತವನ್ನೆಲ್ಲ ಎಸ್‌ಆರ್‌ಸಿ ಎಂಬ ಒಳಫೋಲ್ಡರಿಗೆ ಸರಿಸಿ, ಕೋಷ್ಟಕವನ್ನು ಸೇರಿಸಿ 2.0.1 ಕಟ್ಟಿದೆ. ವೀಲ್ ಎಂದರೆ ಒಂದು ಜಿಪ್ ಕಡತವೇ. ಏರಿಸುವ ಮೊದಲು ಅದನ್ನು ತೆರೆದು ಕಣ್ಣಾರೆ ನೋಡಿ. ರೆಕಾರ್ಡ್ ಎಂಬ ಕಡತದಲ್ಲಿ ಒಳಗಿರುವ ಎಲ್ಲದರ ಪಟ್ಟಿ ಇರುತ್ತದೆ. ಬಿಲ್ಡ್ ಎಂಬ ಸಾಧನ ಮೊದಲು ಎಸ್‌ಡಿಸ್ಟ್ ಮಾಡಿ, ಅದರಿಂದ ವೀಲ್ ಕಟ್ಟುತ್ತದೆ. ಎಸ್‌ಡಿಸ್ಟ್‌ನಲ್ಲಿ ಬಿಟ್ಟುಹೋದದ್ದು ವೀಲ್‌ಗೆ ಬರಲಾರದು, ಆದ್ದರಿಂದ ಎರಡನ್ನೂ ನೋಡಿ. ಪ್ರಯೋಗವನ್ನು ಬೇರೊಂದು ಖಾಲಿ ಫೋಲ್ಡರಿನಲ್ಲಿ, ಹೊಸ ಪರಿಸರದಲ್ಲಿ ಮಾಡಿ.

ಖರ್ಚಿನ ಮಾತು. ಪೈಪಿಐ ಹಣ ಕೇಳುವುದಿಲ್ಲ. ಎಲ್ಲರಿಗೂ ತೆರೆದ ಯೋಜನೆಯಾದ್ದರಿಂದ ವೀಲ್ ಕಟ್ಟುವ ಯಂತ್ರಗಳೂ ಬಿಟ್ಟಿಯಾಗಿ ಸಿಕ್ಕವು. ಏರಿಸಲು ಗುಪ್ತ ಟೋಕನ್ ಇಟ್ಟುಕೊಳ್ಳುವ ಬದಲು 2023ರಿಂದ ಇರುವ, ಕಟ್ಟುವ ಯಂತ್ರವನ್ನೇ ಪೈಪಿಐ ಗುರುತಿಸಿ ಒಪ್ಪುವ ನಂಬಿಕಸ್ಥ ಪ್ರಕಾಶಕ ವ್ಯವಸ್ಥೆಯನ್ನು ಬಳಸಿದೆ. ಕದಿಯಲು ಬಹುಕಾಲ ಬಾಳುವ ಟೋಕನ್ ಇಲ್ಲದಂತಾಯಿತು. ಮೈಸೂರಿನ ಪ್ರಯಾಣ, ನಕಲು ಪ್ರತಿ, ಅಂಚೆ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಮುಗಿಯಿತು. ಸಮಯ ಮಾತ್ರ ವಾರಾಂತ್ಯಗಳೆಲ್ಲ ಹೋದವು.

ಅಕ್ಟೋಬರ್ ಮೊದಲ ವಾರ ಧಾರವಾಡಕ್ಕೆ ನಾನೇ ದೂರವಾಣಿ ಮಾಡಿ, ಪಿಪ್‌ನ ಆ ಒಂದು ಸಾಲನ್ನು ಓದಿ ಹೇಳಿದೆ. ಅವರು ಬರೆದರು. "ಇಳಿಯಿತು ಮೇಡಂ. ಮುಗಿಯಿತು ಎನ್ನುತ್ತಿದೆ. ಇಷ್ಟೇನಾ?" ಎಂದರು. ನಾನು ಮೇಷ್ಟರಿಗೆ ಸುದ್ದಿ ತಿಳಿಸಿದೆ.

ಎರಡು ದಿನದ ಮೇಲೆ ಧಾರವಾಡದಿಂದ ಮತ್ತೊಂದು ಇಮೇಲ್ ಬಂದಿತು. ನೂರನಲವತ್ತು ಪುಟಗಳನ್ನು ಪರಿವರ್ತಿಸಿ, ಸಾಲು ಸಾಲಾಗಿ ಓದಿ, ಹದಿನೇಳು ಪದಗಳ ಪಟ್ಟಿ ಮಾಡಿದ್ದರು. ಎಲ್ಲದರಲ್ಲೂ ಅರ್ಕಾವತ್ತು ತಪ್ಪಾದ ಜಾಗದಲ್ಲಿ ಕುಳಿತಿತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಅದರ ರಕಾರ ಮೊದಲು ಬರಬೇಕು. ನಡುವೆ ಗುಣಿತವೂ ಒತ್ತೂ ಎರಡೂ ಇದ್ದಾಗ ನಮ್ಮ ಸಂಕೇತ ಎಡವುತ್ತಿತ್ತು. ಪಟ್ಟಿಯನ್ನು ಮೇಷ್ಟರಿಗೆ ಕಳುಹಿಸಿದೆ. ಅವರು ಅಂದೇ ರಾತ್ರಿ ಹನ್ನೊಂದಕ್ಕೆ ಕರೆ ಮಾಡಿ, "ಏಳನೆಯ ಪದ ನೋಡಮ್ಮ, ಸಮಸ್ಯೆ ಎಲ್ಲಿದೆ ಎಂದು ಗೊತ್ತಾಯಿತು" ಎಂದರು.